ಕಾವಲು ಬಿಟ್ಟ ಶನಿವಾರ

ಹೆಸರು ಎ ಡಿವಿಷನ್. ಕೇಳಿದವರು ಇದೇ ಮೊದಲ ದರ್ಜೆ ಇರಬೇಕು ಎಂದುಕೊಂಡರೆ ತಪ್ಪು ಅವರದಲ್ಲ, ಹೆಸರಿಟ್ಟವರದು. ಲೆಸೊಥೊ ದೇಶದ ಫುಟ್‌ಬಾಲಿನಲ್ಲಿ ಮೇಲಿರುವುದು ಪ್ರೀಮಿಯರ್ ಲೀಗ್. ಅಲ್ಲಿ ಜಾಗ ಸಿಗದವರು, ಅಲ್ಲಿಂದ ಕತ್ತು ಹಿಡಿದು ದಬ್ಬಿಸಿಕೊಂಡವರು, ಬರುವ ವರ್ಷ ಅಲ್ಲಿಗೇ ಹೋಗುತ್ತೇವೆಂದು ಪ್ರತಿ ವರ್ಷ ಹೇಳುವವರು, ಎಲ್ಲ ಸೇರಿ ಆಡುವುದು ಎ ಡಿವಿಷನ್. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ.

ಅಲ್ಲಿನ ವೈಭವ ಹೇಳಿ ಮುಗಿಯುವಂಥದ್ದಲ್ಲ. ರೆಫರಿ ಬರುವುದು ಬಾಡಿಗೆ ವ್ಯಾನಿನಲ್ಲಿ. ವ್ಯಾನು ತುಂಬದೆ ಹೊರಡುವುದಿಲ್ಲ, ಆದ್ದರಿಂದ ಆಟ ಯಾವಾಗ ಶುರುವಾಗಬೇಕೆಂಬುದನ್ನು ನಿರ್ಧರಿಸುವವರು ಸಂತೆಗೆ ಹೋದ ಹೆಂಗಸರು. ಲೈನ್ಸ್‌ಮನ್ ಕೈಯಲ್ಲಿರುವ ಬಾವುಟ ಎಷ್ಟೋ ಸಲ ಪಕ್ಕದ ಹೆಂಡದ ಮನೆಯ ಗಳದಿಂದ ಬಿಚ್ಚಿ ತಂದದ್ದು. ಗಳದ ಮೇಲೆ ಬಿಳಿ ಬಾವುಟ ಇಲ್ಲವೆಂದರೆ ಜೋಳದ ಹೆಂಡ ಮುಗಿಯಿತೆಂದು ಅರ್ಥ; ಹಾಗಾಗಿ ಆಟ ಮುಗಿಯುವವರೆಗೆ ಊರಿನ ಕುಡುಕರೆಲ್ಲ ಗೆರೆಯ ಪಕ್ಕ ನಿಂತು ಲೈನ್ಸ್‌ಮನ್ನನ್ನು ಬೈಯುತ್ತಿರುತ್ತಾರೆ. ಇನ್ನು ಆಂಬುಲೆನ್ಸ್. ಅದಿಲ್ಲದೆ ಪಂದ್ಯ ನಡೆಸಕೂಡದೆಂದು ನಿಯಮ. ಲಿಫೊಫು ತಂಡದ ಪಂದ್ಯಗಳಲ್ಲಿ ಅದರ ಜಾಗದಲ್ಲಿ ನಿಲ್ಲುತ್ತಿದ್ದದ್ದು ತಂಡದ ಅಧ್ಯಕ್ಷ ಸೆಖೋಟೊ ಅವರ ಹೆಣದ ಗಾಡಿ. ಅವರಿಗೆ ರಾಜಧಾನಿ ಮಸೇರುವಿನಲ್ಲಿ ಶವಪೆಟ್ಟಿಗೆ, ಹೂವು, ಗಾಡಿ ಎಲ್ಲ ಒದಗಿಸುವ ದೊಡ್ಡ ವ್ಯಾಪಾರ. ಅದರಿಂದ ಒಂದು ಉಪಕಾರವಂತೂ ಆಗಿತ್ತು. ಎಂಥ ಪೆಟ್ಟು ತಿಂದು ಬಿದ್ದವನೂ ಆ ಗಾಡಿ ತನ್ನತ್ತ ಹಿಮ್ಮುಖವಾಗಿ ಬರುವುದನ್ನು ಕಂಡರೆ ತಾನಾಗಿಯೇ ಎದ್ದು ಓಡುತ್ತಿದ್ದ.

ಈ ತಂಡದ ನಾಯಕ ಲೆಫಾ. ತಂಡದ ತವರಾದ ಹಾ ಮೊಖಾಲಿ ಎಂಬ ಬೆಟ್ಟದೂರಿನವನು, ಹಿಂಬದಿಯ ಆಟಗಾರ. ವಯಸ್ಸು ಮೂವತ್ತೈದು ದಾಟಿತ್ತು. ನಾಳೆ ಹಿಮ ಬೀಳುತ್ತದೋ ಇಲ್ಲವೋ ಎಂಬುದನ್ನು ಅವನ ಮೊಣಕಾಲು ರೇಡಿಯೊಗಿಂತ ಮೊದಲೇ ಹೇಳುತ್ತಿತ್ತು. ನಾಲಿಗೆ ಕಾಲಿಗಿಂತ ಚುರುಕು. ಅವನ ಕಣ್ಣಿಗೆ ರೆಫರಿಗಳು ಕುರುಡರು, ಕೋಚ್ ದಂಡಪಿಂಡ, ಸಮಿತಿಯವರು ಪಂದ್ಯದ ದಿನದ ಮಾಂಸದೂಟಕ್ಕೆ ಬರುವ ನೊಣಗಳು. ಹೆಚ್ಚಿನಂಶ ನಿಜವೂ ಆಗಿತ್ತು, ಆದ್ದರಿಂದಲೇ ಅವನಿಗೆ ಆ ಚಟ ಬಿಡುವ ಕಾರಣ ಎಂದೂ ಸಿಗಲಿಲ್ಲ.

ಅವನಿಗೊಂದೇ ಆಸೆ ಇತ್ತು. ಪ್ರೀಮಿಯರ್ ಲೀಗಿನ ಪಂದ್ಯವಿದ್ದ ದಿನ ರೇಡಿಯೊದಲ್ಲಿ ಎರಡೂ ತಂಡದ ಆಟಗಾರರ ಹೆಸರನ್ನು ಒಂದೊಂದಾಗಿ ಓದುತ್ತಾರೆ. ಎ ಡಿವಿಷನ್ನಿಗೆ ಆ ಭಾಗ್ಯವಿಲ್ಲ. ಸಂಜೆ ಸಾವಿನ ಪ್ರಕಟಣೆಗಳನ್ನೆಲ್ಲ ಓದಿ ಮುಗಿಸಿದ ಮೇಲೆ, ಉಳಿದ ಉಸಿರಿನಲ್ಲಿ ಯಾರು ಯಾರಿಗೆ ಎಷ್ಟು ಗೋಲು ಹೊಡೆದರೆಂದು ಗೊಣಗಿ ಬಿಡುತ್ತಾರೆ. ಲೆಫಾನ ತಾಯಿ ಮಾಲೆಫಾ ಆ ಪ್ರಕಟಣೆಗಳನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಒಮ್ಮೆ ಗಂಜಿ ತಿರುವುತ್ತಾ ಕೇಳಿದ್ದಳು, "ನನ್ನ ಮಗನ ಹೆಸರು ರೇಡಿಯೊದಲ್ಲಿ ಬರೋದು ಅವನು ಸತ್ತ ಮೇಲೇನಾ?" ತಮಾಷೆಗೇ ಕೇಳಿದ್ದು. ಲೆಫಾಗೆ ಮಾತ್ರ ಅದು ಮುಳ್ಳಿನ ಹಾಗೆ ಒಳಗೇ ಮುರಿದುಕೊಂಡಿತ್ತು. ಒಂದೇ ಒಂದು ಪಂದ್ಯ, ಒಂದೇ ಒಂದು ಸಲ ಹೆಸರು ಬಂದರೆ ಸಾಕು, ಬೂಟು ಬಿಚ್ಚಿ ಸೂರಿನ ಗಳಕ್ಕೆ ನೇತು ಹಾಕುತ್ತೇನೆ ಎಂದುಕೊಂಡಿದ್ದ.

ಆ ವರ್ಷ ತಂಡ ಚೆನ್ನಾಗಿ ಆಡಲು ಶುರುಮಾಡಿತು. ಹೇಗೆಂದು ಯಾರಿಗೂ ತಿಳಿಯಲಿಲ್ಲ, ಕೋಚಿಗಂತೂ ತಿಳಿಯಲೇ ಇಲ್ಲ. ಆದರೆ ಮೇಲಕ್ಕೆ ಹೋಗಲು ಗೆದ್ದರಷ್ಟೇ ಸಾಲದು, ಹುಲ್ಲಿರುವ ಸ್ವಂತ ಮೈದಾನ ಬೇಕೆಂದು ಫುಟ್‌ಬಾಲ್ ಸಂಘದ ನಿಯಮ. ಹಾ ಮೊಖಾಲಿಯ ಮೈದಾನದಲ್ಲಿ ಕಲ್ಲಿತ್ತು, ಸಗಣಿಯಿತ್ತು, ಎರಡು ಗೋಲುಗಂಬವಿತ್ತು. ಹುಲ್ಲು ತಲೆಯೆತ್ತಿದರೆ ಮಧ್ಯಾಹ್ನದೊಳಗೆ ಯಾವುದೋ ದನದ ಹೊಟ್ಟೆಯಲ್ಲಿರುತ್ತಿತ್ತು.

ಸೆಖೋಟೊ ಊರಿನ ಒಡತಿ ಮ್ಮೆ ಮಾಥಬಾಂಗ್ ಬಳಿಗೆ ಹೋದರು. ಗಂಡ ತೀರಿಕೊಂಡಾಗಿನಿಂದ ಊರಿನ ಅಧಿಕಾರ ನಡೆಸುತ್ತಿದ್ದ ಮುದುಕಿ ಅವಳು; ಅವಳ ಮಾತೆಂದರೆ ಊರಿಗೆ ವೇದ. ಅಲ್ಲಿ ಹಿರಿಯ ಹೆಂಗಸರನ್ನು ಮ್ಮೆ ಎಂದೂ ಗಂಡಸರನ್ನು ನ್ತಾತೆ ಎಂದೂ ಕರೆಯುವುದು ಮರ್ಯಾದೆ. ನಾಯಕನಾದ್ದರಿಂದ ಲೆಫಾನೂ ಜೊತೆಗಿದ್ದ. ಅಧ್ಯಕ್ಷರು ಸೂಟು ಹಾಕಿಕೊಂಡು, ಕೂರಲು ಕುರ್ಚಿ ಬರಲಿಲ್ಲವಲ್ಲ ಎಂದು ಸುತ್ತ ನೋಡುತ್ತಾ ನಿಂತೇ ಮಾತಾಡಿದರು.

"ಬೇಲಿ ಹಾಕಿಸ್ಲಾ ಅಂತ ಯೋಚನೆ, ಮ್ಮೆ."

"ಬೇಲಿ ಹಾಕಿದ್ರೆ ತಂತಿ ಕದೀತಾರೆ ನ್ತಾತೆ. ನಮ್ಮೋರ ಬುದ್ಧಿ ನಂಗೊತ್ತಿಲ್ವಾ? ಬೇಡ. ಮೈದಾನನ ಕಾವಲು ಮಾಡ್ತೀನಿ. ಸುತ್ತ ಕಲ್ಲು ಇಡಿಸ್ತೀನಿ. ಕಲ್ಲು ದಾಟಿದ ದನ ದೊಡ್ಡಿಗೆ." ಮುದುಕಿ ಒಂದು ಗಳಿಗೆ ಅವರ ಬೂಟನ್ನೇ ನೋಡಿ ಕೇಳಿದಳು, "ಕಾವಲು ಅಂದ್ರೆ ಗೊತ್ತಲ್ಲ?"

"ಗೊತ್ತಿಲ್ದೆ ಏನು? ನಾನೂ ಇದೇ ಮಣ್ಣಿನವನು."

ಗೊತ್ತಿರಲಿಲ್ಲ. ಪಟ್ಟಣದಲ್ಲಿ ಹುಟ್ಟಿ ಬೆಳೆದ ಸೆಖೋಟೊ ಜನ್ಮದಲ್ಲಿ ಒಂದು ಕರುವಿನ ಬಾಲವನ್ನೂ ಹಿಡಿದವರಲ್ಲ. ದನ ಕಾಯ್ದು ಬೆಳೆದ ಯಾವ ಬೆಟ್ಟದವನನ್ನು ಕೇಳಿದರೂ ಹೇಳುತ್ತಿದ್ದ: ಕಾವಲು ಹಾಕುವುದು ಹುಲ್ಲನ್ನು ಉಳಿಸಿ ಪೂಜೆ ಮಾಡಲಿಕ್ಕಲ್ಲ, ಚಳಿಗಾಲಕ್ಕೆ ಮೇವಾಗಲಿ ಎಂದು. ಕೊಯ್ಲು ಮುಗಿದ ಮೇಲೆ ಒಡತಿ ಒಂದು ದಿನ ಗೊತ್ತುಮಾಡಿ ಕಾವಲು ಬಿಡುತ್ತಾಳೆ. ಆವತ್ತು ಊರಿನ ದನವೆಲ್ಲ ಒಳಗೆ. ಅದು ಯಾರ ದಯೆಯೂ ಅಲ್ಲ, ದನದ ಹಕ್ಕು.

ಕಾವಲು ಬಿತ್ತು. ಮಳೆ ಬಂತು. ಹುಲ್ಲು ಬಂತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಸೆಖೋಟೊ ಅವರಿಗೆ ಹುಲ್ಲು ಬಂದದ್ದೇ ಸಾಕಾಯಿತು. ಸಂಬಳದ ಕಾವಲುಗಾರನನ್ನು ಇಟ್ಟರು. ಕೋಳಿ ಬಂದರೂ ಓಡಿಸು ಎಂದರು. ಆಮೇಲೆ ಆಟಗಾರರೂ ಹುಲ್ಲಿನ ಮೇಲೆ ಕಾಲಿಡಕೂಡದೆಂದು ಅಪ್ಪಣೆಯಾಯಿತು. ತಂಡ ನದಿಯ ಮರಳಿನಲ್ಲಿ ಅಭ್ಯಾಸ ಮಾಡಿ, ಗುಡ್ಡದಾಚೆಯ ಮಿಷನ್ ಶಾಲೆಯ ಮೈದಾನವನ್ನು ಸಾಲ ಪಡೆದು ಪಂದ್ಯ ಆಡಿತು. ಆಡುವವರಿಲ್ಲದ ಮೈದಾನವನ್ನು ಅಧ್ಯಕ್ಷರು ವಾರಕ್ಕೊಮ್ಮೆ ಕಾರಿನಿಂದಿಳಿದು ನೋಡುತ್ತಿದ್ದರು, ಮದುಮಗಳ ಮುಸುಕೆತ್ತಿ ನೋಡಿದ ಹಾಗೆ.

ಜನವರಿಯಲ್ಲಿ ಮಾಲೆಫಾಳ ಹಸು ಕಲ್ಲು ದಾಟಿತು. ಕೆಂಪು ಹಸು, ಹೊಟ್ಟೆಬಾಕ, ಊರಿನಲ್ಲೆಲ್ಲ ಹೆಸರುವಾಸಿ. ಕಾವಲುಗಾರ ಅದನ್ನು ದೊಡ್ಡಿಗೆ ಹೊಡೆದ. ಬಿಡಿಸಿಕೊಳ್ಳಲು ಹೋದ ಮಾಲೆಫಾಳನ್ನು ಸೆಖೋಟೊ ಬಿಸಿಲಿನಲ್ಲಿ ನಿಲ್ಲಿಸಿ, ಶಿಸ್ತು ಎಂದರೇನು, ದೊಡ್ಡ ದೇಶಗಳ ಮೈದಾನಗಳು ಹೇಗಿರುತ್ತವೆ, ಅಲ್ಲಿ ಹಸುಗಳು ಎಲ್ಲಿರುತ್ತವೆ ಎಂದು ಉಪದೇಶ ಮಾಡಿದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡು ಹಸು ಹೊಡೆದುಕೊಂಡು ಬಂದಳು.

ಮರುದಿನ ನದಿಯ ಬಳಿ, ಇಡೀ ತಂಡದ ಎದುರಿನಲ್ಲಿ, ಲೆಫಾ ಅಧ್ಯಕ್ಷರನ್ನು ತಡೆದ. ಹಸುವಿನ ಮಾತೆತ್ತಲಿಲ್ಲ. ಅಷ್ಟು ಬಿಗುಮಾನ ಅವನಿಗಿತ್ತು.

"ನ್ತಾತೆ, ಚಳಿಗಾಲಕ್ಕೆ ಕಾವಲು ಬಿಡ್ತಾರೆ. ಸಂಘದೋರು ನೋಡೋಕೆ ಬರೋದೂ ಆವಾಗ್ಲೇ. ಒಂದ್ಸಲ ಒಡತಿ ಹತ್ರ ಮಾತಾಡಿ."

ಸೆಖೋಟೊ ಕನ್ನಡಕದ ಮೇಲಿನಿಂದ ನೋಡಿದರು. "ಲೆಫಾ, ನಿನ್ನ ಕೆಲ್ಸ ಕಾಲಿಂದು. ತಲೆ ಕೆಲ್ಸಕ್ಕೆ ಸಮಿತಿ ಇದೆ. ನೀನು ಒದಿ, ನಾವು ಯೋಚ್ನೆ ಮಾಡ್ತೀವಿ."

ಹುಡುಗರು ನಕ್ಕರು. ಅವರ ನಗು ಅಧ್ಯಕ್ಷರನ್ನು ಮೆಚ್ಚಿಸಲಿಕ್ಕೇ ಹೊರತು ಬೇರೇನೂ ಅಲ್ಲ. ಆದರೂ ಲೆಫಾನ ಕಿವಿ ಸುಟ್ಟಿತು. ಆವತ್ತಿನಿಂದ ಅವನು ಆ ವಿಷಯ ಬಾಯಿಬಿಡಲಿಲ್ಲ. ಯೋಚನೆ ಮಾಡುವವರು ಮಾಡಲಿ. ಹೆಣ ಸಾಗಿಸುವ ತಲೆಗೆ ಹುಲ್ಲಿನ ಲೆಕ್ಕ ತಾನಾಗಿ ಹೊಳೆಯಲಿ.

ಮೇ ತಿಂಗಳ ಕೊನೆಯ ಪಂದ್ಯದಲ್ಲಿ ಲಿಫೊಫು ಗೆದ್ದಿತು. ಲೆಫಾ ತಲೆಯಿಂದ ಹೊಡೆದ ಗೋಲಿನಿಂದಲೇ ಗೆದ್ದಿತು, ಕಾಲಿನ ಕೆಲಸದವನು ತಲೆ ಉಪಯೋಗಿಸಿದ್ದ. ಪಟ್ಟಿಯಲ್ಲಿ ತಂಡ ಮೊದಲನೆಯದಾಯಿತು. ಎರಡನೆಯದು ಮಸೇರುವಿನ ಬ್ರಿಡ್ಜ್ ರೇಂಜರ್ಸ್. ಇನ್ನು ಉಳಿದದ್ದು ಮೈದಾನದ ಪರೀಕ್ಷೆ ಒಂದೇ. ಸಂಘದ ಪರಿಶೀಲಕರು ಜೂನ್ ತಿಂಗಳ ಮೊದಲ ಶನಿವಾರ, ಅಲ್ಲಿ ಚಳಿಗಾಲ ಶುರುವಾಗುವ ಹೊತ್ತಿಗೆ, ಬರುವುದೆಂದಾಯಿತು. ಹುಲ್ಲು ಒಪ್ಪಿಗೆಯಾದರೆ ಲಿಫೊಫು ಮೇಲಕ್ಕೆ, ಇಲ್ಲದಿದ್ದರೆ ಬ್ರಿಡ್ಜ್ ರೇಂಜರ್ಸ್. ಮಾಲೆಫಾ ರೇಡಿಯೊಗೆ ಹೊಸ ಬ್ಯಾಟರಿ ತಂದಿಟ್ಟಳು.

ಆ ವಾರದ ಬುಧವಾರ ಸಂಜೆ ಲೆಫಾ ಗೋಲ್‌ಕೀಪರ್ ಪಿಟ್ಸೋ ಜೊತೆ ಹೆಂಡದ ಮನೆಯ ಜಗಲಿಯಲ್ಲಿ ಕೂತಿದ್ದಾಗ ಒಡತಿಯ ಡಂಗುರದವನು ಗುಡ್ಡದ ಮೇಲೆ ನಿಂತು ಕೂಗಿದ. ಕೊಯ್ಲು ಮುಗಿದಿದೆ, ಶನಿವಾರ ಬೆಳಗ್ಗೆ ಕಾವಲು ಬಿಡುತ್ತದೆ, ಮೇಲಿನ ಗುಡ್ಡದ್ದು, ತೊರೆಯ ಪಕ್ಕದ್ದು, ಮೈದಾನದ್ದು, ಎಲ್ಲ.

ಜಗಲಿಯಲ್ಲಿದ್ದವರೆಲ್ಲ ಒಟ್ಟಿಗೆ ನಕ್ಕರು.

ಪಿಟ್ಸೋ ಮಾತ್ರ ನಗಲಿಲ್ಲ. "ಅಣ್ಣ, ಶನಿವಾರ ಅಲ್ವಾ ಅವ್ರು ಬರೋದು?"

"ಹೌದು."

"ಅಧ್ಯಕ್ಷರಿಗೆ ಗೊತ್ತಾ?"

"ಸಮಿತಿ ಯೋಚ್ನೆ ಮಾಡ್ತಿರುತ್ತೆ ಬಿಡು."

"ತಮಾಷೆ ಸಾಕು ಮಾರಾಯ. ಒಡತಿ ಹತ್ರ ಯಾರಾದ್ರೂ ಹೋಗ್ಬೇಕಲ್ವಾ?"

"ಯಾರು ಹೋಗೋದು? ಕಾವಲು ಹಾಕಿ ಅಂದೋನೇ ಹೋಗಿ, ಹೊದಿಕೆ ಹೊದ್ದು, ನೆಲದ ಮೇಲೆ ಕೂತು ಕೇಳ್ಬೇಕು. ಅದು ಪದ್ಧತಿ. ಸೂಟು ಹಾಕ್ಕೊಂಡು ನಿಂತವ್ನು ಈಗ ಬಂದು ಕೂತ್ಕೊಳ್ಲಿ. ನಾನ್ಯಾಕೆ ಹೋಗ್ಲಿ? ನಂದು ಕಾಲಿನ ಕೆಲ್ಸ."

ಇಂಥದ್ದೊಂದು ಪದ್ಧತಿ ಇದೆಯೆಂದು ಲೆಫಾ ಅದಕ್ಕೆ ಮೊದಲು ಎಲ್ಲಿಯೂ ಕೇಳಿರಲಿಲ್ಲ. ಹೇಳುತ್ತಾ ಹೇಳುತ್ತಾ ಅವನಿಗೇ ಅದು ಮುತ್ತಜ್ಜನ ಕಾಲದ್ದೆಂದು ನಂಬಿಕೆ ಬಂತು. ತನಗೆ ಬೇಕಾದಾಗ ಬೇಕಾದ ಪದ್ಧತಿ ನೆನಪಾಗುವುದು ಅಧ್ಯಕ್ಷರಿಗಷ್ಟೇ ಇರುವ ರೋಗವಲ್ಲ.

ಗುರುವಾರ ಹೋಯಿತು. ಶುಕ್ರವಾರ ಸಂಜೆ ಅವನು ನೀರಿಗೆಂದು ಹೊರಟವನು ಒಡತಿಯ ಮನೆಯ ತಿರುವಿನಲ್ಲಿ ಒಂದಿಷ್ಟು ಹೊತ್ತು ನಿಂತ. ಅಂಗಳದಲ್ಲಿ ಬೆಂಕಿ ಉರಿಯುತ್ತಿತ್ತು. ಹೋಗಿ ಎರಡು ಮಾತಾಡಿದರೆ ಮುಗಿಯಿತು ಎಂದು ಮನಸ್ಸು ಹೇಳಿತು. ಅಷ್ಟರಲ್ಲಿ ಸೆಖೋಟೊ ಅವರ ಮುಖ ಕಣ್ಣೆದುರು ಬಂತು: ನಾಳೆ ಎಲ್ಲ ಸರಿಯಾದರೆ ಭಾಷಣ ಮಾಡುವವರು ಅವರು, ಹಾರ ಅವರ ಕೊರಳಿಗೆ, ಹುಲ್ಲು ಬೆಳೆಸಿದ ಮಹಾಪುರುಷ ಅವರೇ. ಲೆಫಾ ಕೊಡ ಎತ್ತಿಕೊಂಡು ಮನೆಗೆ ನಡೆದ. ಕೊನೆಗೆ ಅವರಿಗೆ ಹೇಗೋ ಗೊತ್ತಾಗಿಯೇ ಆಗುತ್ತದೆ, ರಾತ್ರಿಯೇ ಓಡಿ ಬಂದು ಒಡತಿಯ ಕಾಲು ಹಿಡಿಯುತ್ತಾರೆ ಎಂದೂ ಅಂದುಕೊಂಡ. ಅವಮಾನವೂ ಆಗಬೇಕು, ತಂಡ ಮೇಲಕ್ಕೂ ಹೋಗಬೇಕು. ಎರಡೂ ಬೇಕಿತ್ತು ಅವನಿಗೆ.

ಶನಿವಾರ ಬೆಳಗ್ಗೆ ಮೈದಾನದ ಅಂಚಿಗೆ ಶಾಮಿಯಾನ ಬಂದಿತ್ತು. ಸೆಖೋಟೊ ತಮ್ಮ ವ್ಯಾಪಾರದ್ದನ್ನೇ ತಂದಿದ್ದರು. ನೇರಳೆ ಬಣ್ಣದ್ದು, ಅಂಚಿನಲ್ಲಿ ಶಿಲುಬೆ. ಪರಿಶೀಲಕರು ಅಳತೆಯ ಟೇಪು, ಕ್ಯಾಮೆರಾ ಹಿಡಿದು ಕಾರಿನಿಂದಿಳಿದರು. ಮಂಡಿಯೆತ್ತರದ ಹುಲ್ಲು ಚಳಿಗೆ ಬಂಗಾರದ ಬಣ್ಣಕ್ಕೆ ತಿರುಗಿ ಗಾಳಿಗೆ ಓಲಾಡುತ್ತಿತ್ತು. ಅವರ ಬಾಯಿಂದ ತಾನಾಗಿಯೇ ಮಾತು ಬಂತು.

"ಎ ಡಿವಿಷನ್ನಲ್ಲಿ ಇಂಥ ಹುಲ್ಲು ನಾನು ನೋಡೇ ಇಲ್ಲ ನ್ತಾತೆ. ಸ್ವಲ್ಪ ಕತ್ತರಿಸಿದ್ರೆ ಮುಗೀತು."

"ದೃಷ್ಟಿ ಬೇಕು ನೋಡಿ, ದೂರದೃಷ್ಟಿ," ಎಂದರು ಸೆಖೋಟೊ.

ದೂರದೃಷ್ಟಿಯಿದ್ದವರಿಗೆ ಗುಡ್ಡದ ಇಳಿಜಾರಿನ ಧೂಳು ಕಾಣಬೇಕಿತ್ತು. ಮೊದಲು ಗಂಟೆಗಳ ಸದ್ದು ಕೇಳಿತು, ಆಮೇಲೆ ದನಗಾಹಿಗಳ ಸಿಳ್ಳೆ. ಹೊಸ ಹೊದಿಕೆ ಹೊದ್ದು ಬಂದ ಮ್ಮೆ ಮಾಥಬಾಂಗ್ ಗಡಿಯ ಕಲ್ಲೊಂದನ್ನು ಕೋಲಿನಿಂದ ಉರುಳಿಸಿದಳು. ಅಷ್ಟೇ. ಊರಿನ ದನವೆಲ್ಲ ಒಳಗೆ ನುಗ್ಗಿತು, ಎಲ್ಲಕ್ಕಿಂತ ಮುಂದೆ ಮಾಲೆಫಾಳ ಕೆಂಪು ಹಸು.

"ನಿಲ್ಸಿ! ಏಯ್, ಯಾರದ್ರೀ ಇವು? ಪೊಲೀಸ್ರನ್ನ ಕರೀತೀನಿ!" ಸೆಖೋಟೊ ಸೂಟಿನಲ್ಲೇ ಓಡಿದರು. ಕಪ್ಪು ಎತ್ತೊಂದನ್ನು ಎರಡೂ ಕೈಯಿಂದ ತಳ್ಳಿದರು. ಅದು ಮೇಯುವುದನ್ನು ಬಿಡದೆ ಬಾಲ ಬೀಸಿತು, ಕನ್ನಡಕ ಹಾರಿತು. "ಕಾವಲು ಕಣ್ರೀ ಇದು! ಕಾವಲು!"

"ಬಿಟ್ಟಾಯ್ತು ನ್ತಾತೆ," ಎಂದ ಒಬ್ಬ ದನಗಾಹಿ ತುಂಬ ಮರ್ಯಾದೆಯಿಂದ.

ಊರಿಗೆ ಊರೇ ನಕ್ಕಿತು. ಲೆಫಾ ಶಾಮಿಯಾನದ ಕಂಬ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಎಷ್ಟೋ ತಿಂಗಳಿಂದ ಒಳಗೆ ಕಟ್ಟಿಕೊಂಡಿದ್ದದ್ದೆಲ್ಲ ಆ ನಗುವಿನಲ್ಲಿ ಹೊರಗೆ ಬಂತು. ಹೋರಿಯೊಂದು ಗೋಲುಗಂಬಕ್ಕೆ ಬೆನ್ನು ತಿಕ್ಕಿ ಅದನ್ನು ಕೆಡವಿದಾಗ ಅವನು ನೆಲದ ಮೇಲೇ ಕೂತುಬಿಟ್ಟ. ಪರಿಶೀಲಕರು ಹತ್ತಾರು ಫೋಟೊ ತೆಗೆದುಕೊಂಡರು. ಅವರಿಗೂ ನಗು ತಡೆಯಲಾಗಿರಲಿಲ್ಲ.

"ನೋಡಿ, ನನ್ನ ಕಣ್ಣಿಗೆ ಕಂಡಿದ್ದನ್ನ ನಾನು ಹೇಳ್ಬೇಕು," ಎಂದರು ಕಾರು ಹತ್ತುವಾಗ. "ಇದು ಗೋಮಾಳ. ಬ್ರಿಡ್ಜ್ ರೇಂಜರ್ಸ್‌ಗೆ ಹೇಳಿಕಳಿಸ್ತೀನಿ."

ಸೆಖೋಟೊ ಯಾರ ಮುಖವನ್ನೂ ನೋಡದೆ ಹೆಣದ ಗಾಡಿಯಲ್ಲೇ ಕೂತು ಪಟ್ಟಣಕ್ಕೆ ಹೋದರು. ಅವರ ವ್ಯಾಪಾರಕ್ಕೆ ನಷ್ಟವೇನೂ ಇರಲಿಲ್ಲ. ಬರುವ ವರ್ಷ ಬೇರೆ ಯಾವುದಾದರೂ ತಂಡಕ್ಕೆ ಅಧ್ಯಕ್ಷರಾಗುತ್ತಾರೆ. ಎ ಡಿವಿಷನ್ನಿನಲ್ಲಿ ಹುಲ್ಲಿಗೆ ಬರವಿರಬಹುದು, ಅಧ್ಯಕ್ಷರಿಗಿಲ್ಲ.

ಲೆಫಾನ ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ. ಪಿಟ್ಸೋ ಬಂದು ಎದುರಿಗೆ ನಿಂತ.

"ನಕ್ಕಾಯ್ತಾ?"

"ಅವನ ಕನ್ನಡಕ ಹಾರಿದ್ದು ನೋಡಿದ್ಯಾ?"

"ನೋಡ್ದೆ. ನಂಗಿನ್ನೂ ಇಪ್ಪತ್ತೆರಡು, ಅಣ್ಣ. ಇನ್ನೊಂದ್ಸಲ ಗೆಲ್ಬಹುದು. ನಿಂಗೆ?" ಉತ್ತರಕ್ಕೆ ಕಾಯದೆ ಅವನು ಹೊರಟುಹೋದ.

ಲೆಫಾ ಎದ್ದು, ಕಲ್ಲಿನ ಮೇಲೆ ಕೂತು ದನ ನೋಡುತ್ತಿದ್ದ ಮ್ಮೆ ಮಾಥಬಾಂಗ್ ಬಳಿಗೆ ಹೋದ. ಹೊದಿಕೆ ಸರಿಮಾಡಿಕೊಂಡು ನೆಲದ ಮೇಲೆ ಕೂತ.

"ಮ್ಮೆ, ಒಂದ್ಮಾತು. ಅಧ್ಯಕ್ಷರು ಬಂದು ಕೇಳಿದ್ರೆ ನೀವು ದಿನ ಮುಂದಕ್ಕೆ ಹಾಕ್ತಿದ್ರಾ?"

"ಅಧ್ಯಕ್ಷರು ಯಾಕೆ? ಯಾರ್ ಕೇಳಿದ್ರೂ ಹಾಕ್ತಿದ್ದೆ. ಹಿಂದಿನ ವರ್ಷ ಮೊಲೆಟ್ಸಾನೆ ಮನೇಲಿ ಮದ್ವೆ ಅಂತ ಅವನ ಅತ್ತೆ ಬಂದು ಕೇಳಿದ್ಳು, ತೊರೆ ಕಾವಲು ಮುಂದಕ್ಕೆ ಹಾಕ್ಲಿಲ್ವಾ?"

"ಕಾವಲು ಹಾಕಿಸಿದೋರೇ ಬರ್ಬೇಕು ಅಂತ ಪದ್ಧತಿ..."

"ಯಾವೋನು ಹೇಳ್ದ ನಿಂಗೆ?"

ಮುದುಕಿ ಅವನತ್ತ ತಿರುಗಿದಳು.

"ಮೂರು ದಿನ ಮುಂಚೆ ಡಂಗುರ ಹೊಡ್ಸಿದ್ದು ಯಾಕೆ ಅಂದ್ಕೊಂಡೆ? ದನಕ್ಕೆ ಕೇಳ್ಲಿ ಅಂತಾನಾ? ಬರ್ತಾನೆ, ಮಾಲೆಫಾ ಮಗ ಬರ್ತಾನೆ ಅಂತ ಅಂಗಳದಲ್ಲಿ ಬೆಂಕಿ ಹಾಕ್ಕೊಂಡು ಕಾಯ್ತಾ ಕೂತಿದ್ದೆ. ನಿನ್ನೆ ಸಂಜೆ ತಿರುವಲ್ಲಿ ಕೊಡ ಹಿಡ್ಕೊಂಡು ನಿಂತಿದ್ದೋನು ನೀನೇ ಅಲ್ವಾ? ಬರ್ಲಿಲ್ಲ. ನದಿ ಮರಳಲ್ಲಿ ಈ ತುದಿಯಿಂದ ಆ ತುದಿಗೆ ದಿನಾ ಓಡ್ತೀಯ. ಆ ತಿರುವಿಂದ ನನ್ನ ಬಾಗ್ಲಿಗೆ ಎಷ್ಟು ದೂರ ಇತ್ತು?"

"ಮ್ಮೆ..."

"ನೀವ್ ಯಾರೂ ಕೇಳ್ಲಿಲ್ಲ ಅಂದ್ರೆ ನಿಮ್ಗೆ ಬೇಡ ಅಂತ ನಾನ್ ತಿಳ್ಕೊಂಡೆ. ಅಳದ ಕೂಸು ತಾಯಿ ಬೆನ್ನ ಮೇಲೇ ಸಾಯುತ್ತೆ ಕಣೋ. ಹೋಗು, ನಿಮ್ಮ ಹಸು ಹೊಟ್ಟೆ ಒಡ್ಕೊಳ್ಳೋ ಹಾಗಿದೆ, ಹೊಡ್ಕೊಂಡ್ ಹೋಗು."

ಲೆಫಾ ಕಲ್ಲು ದಾಟಿ ಒಳಗೆ ಹೋದ. ತಂಡದ ನಾಯಕ ತನ್ನ ತಂಡದ ಹುಲ್ಲಿನ ಮೇಲೆ ಕಾಲಿಟ್ಟದ್ದು ಅದೇ ಮೊದಲು. ಕಾಲಡಿಗೆ ಮೆತ್ತಗಿತ್ತು. ಮೈದಾನದ ನಡುವೆ ದನಗಳು ಮೇದು ಹುಲ್ಲನ್ನು ಸಮ ಮಾಡಿದ್ದವು. ಅಲ್ಲಿ ಚೆಂಡಿಟ್ಟಿದ್ದರೆ ಹದವಾಗಿ ಉರುಳುತ್ತಿತ್ತು. ಹಸು ಅವನನ್ನು ಕಂಡರೂ ತಲೆಯೆತ್ತಲಿಲ್ಲ. ಕೊಂಬು ಹಿಡಿದು ಎಳೆಯಬೇಕಾಯಿತು.

ಸಂಜೆ ಮಾಲೆಫಾ ರೇಡಿಯೊ ಹಚ್ಚಿದಳು. ಸತ್ತವರ ಹೆಸರುಗಳು ಬಂದವು, ಯಾರ ಮಗ, ಯಾವ ಊರು, ಮಣ್ಣು ಯಾವತ್ತು, ಎಲ್ಲವನ್ನೂ ನಿಧಾನವಾಗಿ, ಗೌರವದಿಂದ ಓದಿದರು. ಕೊನೆಗೆ ಒಂದು ಸಾಲು: ಬ್ರಿಡ್ಜ್ ರೇಂಜರ್ಸ್ ಪ್ರೀಮಿಯರ್ ಲೀಗಿಗೆ. ಲಿಫೊಫು ಎಂಬ ಹೆಸರೂ ಬರಲಿಲ್ಲ. ಅವಳು ರೇಡಿಯೊ ಆರಿಸಿ, ಹೊಸ ಬ್ಯಾಟರಿಗಳನ್ನು ತೆಗೆದು ಕಾಗದದಲ್ಲಿ ಸುತ್ತಿಟ್ಟಳು. ಬಕೆಟ್ಟಿನಿಂದ ಒಂದು ಲೋಟ ಹಾಲು ಬಗ್ಗಿಸಿ ಮಗನ ಮುಂದಿಟ್ಟಳು.

"ಕೆಂಪಿ ಇವತ್ತು ಎರಡರಷ್ಟು ಕೊಟ್ಳು. ಕುಡಿ."

ಅವನು ಕುಡಿದ. ಹಾಲು ತುಂಬ ರುಚಿಯಾಗಿತ್ತು.